ಸದ್ದನ್ನು ಮೊದಲು ಕೈಗೆ ಕೊಡಿ, ಆಮೇಲೆ ಕಿವಿಗೆ

ನಾಲ್ಕನೇ ಕ್ಲಾಸಿಗೆ ಶಬ್ದದ ಪಾಠ ಮಾಡುವ ದಿನ ನಾನು ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಬ್ಯಾಗಿನಲ್ಲಿ ಮನೆಯ ಸೌಟು, ಒಂದು ಉಂಡೆ ದಾರ, ಹಿಡಿ ರವೆ, ಎರಡು ಬಲೂನು, ನಾಲ್ಕು ಗಾಜಿನ ಲೋಟ, ಒಂದಷ್ಟು ಟೀ ಕುಡಿಯುವ ಪೇಪರ್ ಕಪ್ಪು ಇದ್ದರೆ ಸಾಕು. ಮೊದಮೊದಲು ನಾನೂ ‘ಕಂಪನದಿಂದ ಶಬ್ದ ಉಂಟಾಗುತ್ತದೆ’ ಎಂದು ಬರೆಸಿ ಮೂರು ಸಲ ಹೇಳಿಸುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದರು. ಒಂದು ದಿನ ‘ಕಂಪನ ಅಂದ್ರೇನ್ರೋ?’ ಅಂದೆ. ‘ಭೂಕಂಪ, ಮಿಸ್!’

ಅವತ್ತಿನಿಂದ ಆ ಪದವನ್ನು ಕೊನೆಗಿಟ್ಟೆ. ‘ಅದುರೋದು’ ಅಂದರೆ ಎಲ್ಲರಿಗೂ ಗೊತ್ತು. ಇಡೀ ಪಾಠಕ್ಕೆ ನನ್ನದು ಒಂದೇ ಪ್ರಶ್ನೆ: ಇಲ್ಲಿ ಅದುರುತ್ತಿರೋದು ಯಾವುದು?

ಶುರು ಮಾಡುವುದು ಗಂಟಲಿನಿಂದ. ಗಂಟಲ ಮೇಲೆ ಬೆರಳಿಟ್ಟು ‘ಮ್‌ಮ್‌ಮ್’ ಅನ್ನಲಿ. ಬೆರಳು ಜುಮ್ ಅನ್ನುತ್ತದೆ. ಹಾಗೇ ‘ಸ್‌ಸ್‌ಸ್’ ಅನ್ನಲಿ, ಏನೂ ಇಲ್ಲ. ಸದ್ದಂತೂ ಬರುತ್ತಿದೆ, ಹಾಗಾದರೆ ಅದುರುತ್ತಿರೋದು ಏನು? ಹಲ್ಲಿನ ಸಂದಿಯಲ್ಲಿ ನುಗ್ಗುವ ಗಾಳಿ. ಅದನ್ನು ನೀವೇ ಹೇಳಿಬಿಡಬೇಡಿ, ಸ್ವಲ್ಪ ಹೊತ್ತು ಕಾಯಿರಿ. ಅಂಗೈಯನ್ನು ಬಾಯಿ ಮುಂದೆ ಹಿಡಿದು ನೋಡುವ ಮಗು ಒಂದಾದರೂ ಇರುತ್ತದೆ.

ಆಮೇಲೆ ಸೌಟು. ಒಂದೂವರೆ ಮೀಟರ್ ದಾರದ ನಡುವೆ ಸ್ಟೀಲ್ ಸೌಟನ್ನು ಕಟ್ಟಿ. ದಾರದ ಎರಡೂ ತುದಿಗಳನ್ನು ಮಗು ತನ್ನ ಎರಡು ತೋರುಬೆರಳಿಗೆ ಎರಡೆರಡು ಸುತ್ತು ಸುತ್ತಿಕೊಳ್ಳಲಿ. ಸುಮ್ಮನೆ ಮುಂದಕ್ಕೆ ಬಾಗಿ ಸೌಟನ್ನು ಬೆಂಚಿನ ಅಂಚಿಗೆ ತಾಗಿಸಲಿ: ‘ಟಿಂಗ್’, ಅಷ್ಟೇ. ಈಗ ಆ ಬೆರಳುಗಳಿಂದಲೇ ಕಿವಿ ಮುಚ್ಚಿಕೊಂಡು ಇನ್ನೊಮ್ಮೆ. (ಬೆರಳನ್ನು ಒಳಗೆ ತುರುಕಬಾರದು, ಒತ್ತಿ ಹಿಡಿದರೆ ಸಾಕು.) ಮಗುವಿನ ಮುಖ ನೋಡುತ್ತಿರಿ. ದೇವಸ್ಥಾನದ ದೊಡ್ಡ ಗಂಟೆ ತಲೆಯೊಳಗೇ ಹೊಡೆದ ಹಾಗೆ ಆಗುತ್ತದೆ. ಪಕ್ಕದವರಿಗೆ ಮಾತ್ರ ಅದೇ ಬಡಪಾಯಿ ‘ಟಿಂಗ್’. ಗಾಳಿಯಲ್ಲಿ ಸುತ್ತಲೂ ಚೆದುರಿ ಹೋಗುತ್ತಿದ್ದ ಸದ್ದು ಈಗ ದಾರ ಹಿಡಿದು ನೇರ ಕಿವಿಗೆ ಬಂತು. ಹೋದ ವರ್ಷ ಒಬ್ಬ ಮನೆಯಿಂದ ಮುದ್ದೆ ಕೋಲು ತಂದು ಕಟ್ಟಿದ. ‘ದಬ್’ ಅಂದು ಸುಮ್ಮನಾಯಿತು. ಮರದಲ್ಲಿ ಅದುರು ಬೇಗ ಅಡಗುತ್ತದೆ ಅನ್ನುವುದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಅದುರುವುದನ್ನು ಕಣ್ಣಿಗೆ ತೋರಿಸಲು ರವೆ. ಬಲೂನಿನ ಕುತ್ತಿಗೆ ಕತ್ತರಿಸಿ ಸ್ಟೀಲ್ ಡಬ್ಬದ ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ಚಿಟಿಕೆ ರವೆ. ಸಾಸಿವೆ ಹಾಕಿ ನೋಡಿದ್ದೇನೆ, ಉರುಳಿ ಅಂಚು ಸೇರುತ್ತದೆ. ಹತ್ತಿರದಲ್ಲಿ ತಟ್ಟೆ ಬಡಿದರೆ ಬಲೂನನ್ನು ಯಾರೂ ಮುಟ್ಟದೆಯೇ ರವೆ ಕುಣಿಯುತ್ತದೆ. ಮಕ್ಕಳಿಗೆ ಹಾಡಲು ಬಿಟ್ಟರೆ ಹಾಡುವುದರ ಜೊತೆಗೆ ಊದಿಯೂ ಬಿಡುತ್ತಾರೆ, ರವೆ ಎಲ್ಲ ನೆಲಕ್ಕೆ. ತಟ್ಟೆಯೇ ವಾಸಿ.

ದಾರದ ಫೋನು ಎಲ್ಲರಿಗೂ ಗೊತ್ತು. ಕಪ್ಪಿನ ತಳಕ್ಕೆ ಸೂಜಿಯಲ್ಲಿ ತೂತು, ಒಳಗೆ ಮುರಿದ ಬೆಂಕಿಕಡ್ಡಿಗೆ ಗಂಟು, ದಾರ ಬಿಗಿ. ಆದರೆ ಬಹಳಷ್ಟು ಕಡೆ ಮಕ್ಕಳು ಕಿರುಚುತ್ತಾರೆ, ಸದ್ದು ಬಂದದ್ದು ದಾರದಿಂದಲೋ ಗಾಳಿಯಿಂದಲೋ ತಿಳಿಯುವುದೇ ಇಲ್ಲ. ಅದಕ್ಕೇ ನಮ್ಮಲ್ಲಿ ಪಿಸುಮಾತು ಮಾತ್ರ. ಹೆಸರು ಹೇಳುವಂತೆಯೂ ಇಲ್ಲ, ಹೆಸರಾದರೆ ಊಹೆ ಮಾಡಿಬಿಡುತ್ತಾರೆ. ‘ಮೂವತ್ತೇಳು’, ‘ಎಂಬತ್ತೆರಡು’ ಹೀಗೆ ಅಂಕಿ ಹೇಳಬೇಕು, ಕೇಳಿದವರು ಸ್ಲೇಟಿನ ಮೇಲೆ ಬರೆಯಬೇಕು. ನಡುವೆ ಒಬ್ಬರು ದಾರವನ್ನು ಚಿವುಟಿ ಹಿಡಿದರೆ ಫೋನು ಸತ್ತುಹೋಗುತ್ತದೆ. ವರಾಂಡದ ಕಂಬಕ್ಕೆ ದಾರ ತಾಗಿದರೂ ಹಾಗೇ.

ಇನ್ನು ನಾನು ಎಡವಿದ ಜಾಗ. ಗಾಜಿನ ಲೋಟಗಳಿಗೆ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿಸಿ ಚಮಚದಿಂದ ಮೆಲ್ಲಗೆ ತಟ್ಟಿಸಿದೆ. ‘ನೀರು ಜಾಸ್ತಿಯಾದಷ್ಟೂ ಸದ್ದು ದಪ್ಪ’ ಅಂತ ಬರೆಸಿಯೂ ಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿದಳು, ಸ್ವಲ್ಪ ನೀರು ಕುಡಿದು ಮತ್ತೆ ಊದಿದಳು. ‘ಮಿಸ್, ಇಲ್ಲಿ ಉಲ್ಟಾ. ನೀರು ಕಮ್ಮಿಯಾದ್ರೆ ದಪ್ಪ.’ ಬೆಲ್ ಹೊಡೆದದ್ದು ನನ್ನ ಪುಣ್ಯ. ರಾತ್ರಿ ಅಡುಗೆಮನೆಯಲ್ಲಿ ನಾನೂ ಊದಿ, ತಟ್ಟಿ ನೋಡಿದೆ. ನನ್ನ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ತಟ್ಟಿದಾಗ ಅದುರುವುದು ಲೋಟ. ನೀರಿನ ಭಾರ ಹೊತ್ತ ಗಾಜು ನಿಧಾನ ಅದುರುತ್ತದೆ, ಸದ್ದು ದಪ್ಪ. ಊದಿದಾಗ ಅದುರುವುದು ಒಳಗಿನ ಗಾಳಿ. ನೀರು ಹೆಚ್ಚಿದ್ದರೆ ಗಾಳಿಗೆ ಜಾಗ ಕಡಿಮೆ, ಅದು ಬೇಗ ಬೇಗ ಅದುರುತ್ತದೆ, ಸದ್ದು ಕೀರಲು. ಮಾರನೇ ದಿನ ಆ ಹುಡುಗಿಯ ಕೈಯಲ್ಲೇ ಪಾಠ ಮಾಡಿಸಿದೆ.

ಅಂದಹಾಗೆ, ‘ದಪ್ಪ’ ಅಂದರೆ ಕೆಲವರು ಜೋರು ಅಂದುಕೊಳ್ಳುತ್ತಾರೆ. ಸೊಳ್ಳೆಯದು ಮೆಲ್ಲಗಿನ ಕೀರಲು, ಎಮ್ಮೆಯದು ಜೋರಾದ ದಪ್ಪ ದನಿ. ಇದನ್ನು ಹೇಳಿದರೆ ಗೊಂದಲ ಹೋಗುತ್ತದೆ, ಆದರೆ ಮುಂದಿನ ಐದು ನಿಮಿಷ ಕ್ಲಾಸಿನ ತುಂಬ ಎಮ್ಮೆಗಳೇ.

ಭಾರದ ಮಾತು ಬಂದರೆ ಮೃದಂಗ ತೋರಿಸದೆ ಬಿಡಬೇಡಿ. ನಮ್ಮೂರ ಭಜನೆ ಮನೆಗೆ ಕರೆದುಕೊಂಡು ಹೋಗುತ್ತೇನೆ. ಎಡಬದಿಯ ಚರ್ಮಕ್ಕೆ ರವೆ ಕಲಸಿ ಮೆತ್ತುತ್ತಾರೆ. ‘ಉಪ್ಪಿಟ್ಟಿನ ರವೆನಾ ಮಿಸ್?’ ಹೂಂ, ಅದೇ. ಮೆತ್ತುವ ಮುಂಚೆ ಒಂದು ಏಟು, ಮೆತ್ತಿದ ಮೇಲೆ ಒಂದು ಏಟು ಕೇಳಿಸಿ. ಬಲಬದಿಯಲ್ಲಿ ಕರಣೆ ಅನ್ನುವ ಕಪ್ಪು ಲೇಪ ಕಾಯಂ ಆಗಿ ಕೂತಿರುತ್ತದೆ. ಸಾಮಾನ್ಯ ಡೋಲಿನ ಸದ್ದು ಯಾವ ಸ್ವರಕ್ಕೂ ಸರಿಯಾಗಿ ಹೊಂದುವುದಿಲ್ಲ, ಮೃದಂಗವನ್ನು ಶ್ರುತಿಗೆ ಕೂರಿಸಬಹುದು. ಆ ಕಪ್ಪು ಭಾರದ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು, ನೊಬೆಲ್ ಬರುವ 10 ವರ್ಷ ಮೊದಲು. ಮಕ್ಕಳಿಗೆ ಇಸವಿಗಿಂತ ರವೆಯೇ ನೆನಪಿರುತ್ತದೆ, ಇರಲಿ.

ವೇಗಕ್ಕೆ ಕೆರೆ ಏರಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಿಂಚು ಕಂಡು ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಅದು ಸುಮಾರು ಒಂದು ಕಿಲೋಮೀಟರ್ ದೂರ. ಇದನ್ನು ಮನೆಯೊಳಗೆ ಕೂತೇ ಎಣಿಸಬೇಕು, ತೆಂಗಿನ ಮರದ ಕೆಳಗಲ್ಲ. ಮಳೆಗಾಲ ಅಲ್ಲದಿದ್ದರೆ ಬಟ್ಟೆ ಒಗೆಯುವವರು ಇದ್ದಾರಲ್ಲ. ನಮ್ಮ ಕೆರೆಯ ಆಚೆ ದಡ ಏರಿಯಿಂದ ಸುಮಾರು ಇನ್ನೂರು ಮೀಟರ್. ಬಟ್ಟೆ ಕಲ್ಲಿಗೆ ಬಡಿದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಸದ್ದು ಬರಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಬಟ್ಟೆ ಮತ್ತೆ ಮೇಲೆದ್ದಿರುತ್ತದೆ. ಸುಮ್ಮನೆ ಕೂತು ನೋಡಿ ಬನ್ನಿ ಅಂತ ಮನೆಕೆಲಸ ಕೊಟ್ಟಿದ್ದೆ. ಬರೆಯುವುದೆಂದರೆ ಓಡಿಹೋಗುವ ಹುಡುಗನೊಬ್ಬ ಮಾರನೇ ದಿನ ಪ್ರಾರ್ಥನೆಗೂ ಮೊದಲೇ ನನ್ನ ಸೆರಗು ಹಿಡಿದ. ‘ಮಿಸ್, ಆ ಅಜ್ಜಿ ಒಗೆದು ಮುಗಿಸಿ ಸೀರೆ ಹೆಗಲ ಮೇಲೆ ಹಾಕ್ಕೊತಾ ಇತ್ತು. ಆಮೇಲೆ ಒಂದ್ ಸದ್ದು ಬಂತು.’