ಮೊದಲು ನಾಡಿ, ಆಮೇಲೆ ಮಾನಿಟರ್

ತುರ್ತು ವಾರ್ಡಿಗೆ ನರ್ಸ್ ಆಗಿ ಸೇರಿದ ಹೊಸತು. ಮಾನಿಟರ್‌ನಲ್ಲಿ ಹೃದಯ ಬಡಿತದ ಗೆರೆ ಅಚ್ಚುಕಟ್ಟಾಗಿ ಓಡುತ್ತಿತ್ತು, ನಿಮಿಷಕ್ಕೆ 70. ಸರಿ ಇದೆ ಅಂದುಕೊಂಡು ನಾನು ಕೇಸ್ ಶೀಟ್ ಬರೆಯುತ್ತಿದ್ದೆ. ಸೀನಿಯರ್ ಸಿಸ್ಟರ್ ಬಂದವರೇ ರೋಗಿಯ ಕತ್ತಿಗೆ ಬೆರಳಿಟ್ಟರು. ನಾಡಿ ಇರಲಿಲ್ಲ. ಹೃದಯದಲ್ಲಿ ವಿದ್ಯುತ್ ಇತ್ತು, ರಕ್ತ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಪಿಇಎ ಅಂದರೆ ಇದೇ. ಅವತ್ತಿನಿಂದ ನನ್ನ ಕೈ ಮೊದಲು ರೋಗಿಯ ಹತ್ತಿರ ಹೋಗುತ್ತದೆ.

ನೀವೂ ಹಾಗೇ ಮಾಡಿ. ಕರೆದರೆ ಓಗೊಡುತ್ತಾರಾ? ಉಸಿರಿದೆಯಾ? ಕತ್ತಿನ ನಾಡಿ ಸಿಗುತ್ತಾ? 10 ಸೆಕೆಂಡಿಗಿಂತ ಜಾಸ್ತಿ ಹುಡುಕಬೇಡಿ. ಸಿಗದಿದ್ದರೆ ಸಹಾಯಕ್ಕೆ ಕೂಗಿ, ಎದೆ ಒತ್ತಲು ಶುರು ಮಾಡಿ, ನಿಮಿಷಕ್ಕೆ 100ರಿಂದ 120 ಸಲ. ಆಗ ಮಾನಿಟರ್‌ನಲ್ಲಿ ನೋಡಬೇಕಾದ್ದು ಒಂದೇ: ಇದು ವಿದ್ಯುತ್ ಶಾಕ್ ಕೊಡಬೇಕಾದ ಹೃದಯದ ಲಯ ಹೌದಾ, ಅಲ್ವಾ? ಆಕಾರವೇ ಇಲ್ಲದೆ ಅಂಕುಡೊಂಕಾಗಿ ನಡುಗುವ ಗೆರೆ ವಿಎಫ್, ಅಂದರೆ ಹೃದಯದ ಕೆಳಗಿನ ಕೋಣೆಗಳು ಬಡಿಯದೆ ಬರೀ ಕಂಪಿಸುತ್ತಿವೆ. ಅಗಲವಾದ ಅಲೆಗಳು ಒಂದರ ಹಿಂದೊಂದು ವೇಗವಾಗಿ ಬಂದರೆ ವಿಟಿ, ಅಂದರೆ ಕೆಳಗಿನ ಕೋಣೆಗಳಿಂದಲೇ ಹುಟ್ಟುವ ಅತಿವೇಗದ ಬಡಿತ. ನಾಡಿ ಇಲ್ಲದಾಗ ಈ ಎರಡಕ್ಕೂ ಶಾಕ್. ಚಪ್ಪಟೆ ಗೆರೆಗೂ ಪಿಇಎಗೂ ಶಾಕ್ ಇಲ್ಲ. ಗೆರೆ ಚಪ್ಪಟೆ ಕಂಡರೆ ಲೀಡ್ (ಮೈಗೆ ಅಂಟಿಸಿದ ಮಾನಿಟರ್ ವೈರ್) ಕಳಚಿದೆಯಾ ಅಂತ ಒಬ್ಬರು ನೋಡಲಿ, ಒತ್ತುವವರು ನಿಲ್ಲಿಸಬಾರದು.

ನಾಡಿ ಇದ್ದರೂ ಬಿಪಿ ಬಿದ್ದಿದೆ, ಮಾತು ತೊದಲುತ್ತಿದೆ, ಎದೆನೋವು, ಏದುಸಿರು ಇದೆ ಅಂದರೆ ಲಯದ ಹೆಸರು ಹುಡುಕುತ್ತಾ ಕೂರಬೇಡಿ. ಡಾಕ್ಟರನ್ನು ಕರೆಯಿರಿ, ಶಾಕ್ ಕೊಡುವ ಯಂತ್ರ ಡಿಫಿಬ್ರಿಲೇಟರ್ ಪಕ್ಕಕ್ಕೆ ತನ್ನಿ.

ಅಷ್ಟು ಅವಸರ ಇಲ್ಲದಿದ್ದರೆ ಈಸಿಜಿ ತೆಗೆಯಿರಿ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವಾಗ ಒಂದು ದೊಡ್ಡ ಚೌಕ 0.2 ಸೆಕೆಂಡ್. ಎರಡು ಬಡಿತದ ನಡುವೆ ಎಷ್ಟು ದೊಡ್ಡ ಚೌಕ ಇದೆಯೋ ಅದರಿಂದ 300ನ್ನು ಭಾಗಿಸಿ, ನಿಮಿಷಕ್ಕೆ ಎಷ್ಟು ಬಡಿತ ಅಂತ ಸಿಗುತ್ತದೆ. ಲಯ ಒಂದೇ ಸಮ ಇಲ್ಲದಿದ್ದರೆ 30 ದೊಡ್ಡ ಚೌಕದಲ್ಲಿ ಬಂದ ಬಡಿತ ಎಣಿಸಿ, 10ರಿಂದ ಗುಣಿಸಿ. ಆಮೇಲೆ ಕ್ಯೂಆರ್‌ಎಸ್ ಅಗಲ ನೋಡಿ, ಅಂದರೆ ಪ್ರತಿ ಬಡಿತದಲ್ಲೂ ಬರುವ ದೊಡ್ಡ ಚೂಪು ಅಲೆಯ ಅಗಲ. ಮೂರು ಸಣ್ಣ ಚೌಕಕ್ಕಿಂತ ಕಿರಿದು, ವೇಗ 150ರ ಮೇಲೆ, ಒಂದೇ ಸಮ ಇದ್ದರೆ ಎಸ್‌ವಿಟಿ ಇರಬಹುದು, ಅಂದರೆ ಕೆಳಗಿನ ಕೋಣೆಗಳಿಗಿಂತ ಮೇಲಿನಿಂದ ಹುಟ್ಟುವ ಅತಿವೇಗದ ಬಡಿತ. ಕಿರಿದಾಗಿದ್ದು, ಪಿ ಅಲೆ (ಚೂಪು ಅಲೆಗೆ ಮುಂಚೆ ಬರುವ ಸಣ್ಣ ಉಬ್ಬು) ಕಾಣದೆ, ಬಡಿತಗಳ ಅಂತರಕ್ಕೆ ಲೆಕ್ಕವೇ ಸಿಗದಿದ್ದರೆ ಎಎಫ್, ಅಂದರೆ ಮೇಲಿನ ಕೋಣೆಗಳು ಕಂಪಿಸುತ್ತಿವೆ. ಅಗಲ, ವೇಗ, ಒಂದೇ ಸಮ ಇದ್ದರೆ ಬೇರೆ ಅಂತ ಖಚಿತವಾಗುವವರೆಗೆ ವಿಟಿ ಅಂತಲೇ ತಿಳಿಯಿರಿ. ಬಡಿತ ತೀರಾ ನಿಧಾನವಾಗಿ, ಪಿ ಅಲೆಗೂ ಕ್ಯೂಆರ್‌ಎಸ್‌ಗೂ ಸಂಬಂಧವೇ ಇಲ್ಲದಿದ್ದರೆ ಪೂರ್ತಿ ಹಾರ್ಟ್ ಬ್ಲಾಕ್, ಅಂದರೆ ಮೇಲಿನ ಕೋಣೆಗಳ ವಿದ್ಯುತ್ ಕೆಳಗೆ ತಲುಪುತ್ತಿಲ್ಲ.

ಇನ್ನೊಂದು ಮಾತು. ರೋಗಿ ಚಳಿಗೆ ನಡುಗಿದರೂ, ಹಲ್ಲುಜ್ಜಿದರೂ ಗೆರೆ ವಿಟಿ ಥರ ಕಾಣಬಹುದು. ಆ ಗಲಾಟೆಯ ನಡುವೆ ಮಾಮೂಲಿ ಕ್ಯೂಆರ್‌ಎಸ್‌ನ ಚೂಪು ತುದಿಗಳು ತಮ್ಮ ಪಾಡಿಗೆ ಬರುತ್ತಿವೆಯಾ ಹುಡುಕಿ. ಆಗಲೂ ನಿಮ್ಮ ಬೆರಳು ನಾಡಿಯ ಮೇಲೆ ಇರಲಿ.