ಹಲವು ಆಯ್ಕೆಗಳನ್ನು ಒಳಗಿನ ಆಬ್ಜೆಕ್ಟ್‌ಗೆ ತಲುಪಿಸುವುದು ಹೇಗೆ?

ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ವಾರಾಂತ್ಯದಲ್ಲಿ ಕನ್ನಡ ಕಲಿಸುವ ಸ್ವಯಂಸೇವಕರ ನೋಂದಣಿಗೆ ಒಂದು ವೆಬ್ ಫಾರ್ಮ್ ಬೇಕಾಗಿದೆ ಎಂದಿಟ್ಟುಕೊಳ್ಳಿ. ಹೆಸರು, ದೂರವಾಣಿ ಸಂಖ್ಯೆಗಳ ಜೊತೆಗೆ, ತಾವು ಹೋಗಿ ಪಾಠ ಹೇಳಬಲ್ಲ ಬಡಾವಣೆಗಳನ್ನೂ ಅವರು ಒಂದು ಪಟ್ಟಿಯಿಂದ ಆರಿಸಬೇಕು. ಮಲ್ಲೇಶ್ವರ, ಜಯನಗರ, ರಾಜಾಜಿನಗರ, ವೈಟ್‌ಫೀಲ್ಡ್‌ಗಳಲ್ಲಿ ಒಬ್ಬರು ಒಂದನ್ನೇ ಆರಿಸಬಹುದು, ಇನ್ನೊಬ್ಬರು ನಾಲ್ಕನ್ನೂ ಆರಿಸಬಹುದು. ಜಾವಾ ಕಡೆಯಲ್ಲಿ ‘ಬೋಧಕ’ ಎಂಬ ಕ್ಲಾಸ್ ಇದೆ. ಅದರೊಳಗೆ ‘ಲಭ್ಯತೆ’ ಎಂಬ ಇನ್ನೊಂದು ಆಬ್ಜೆಕ್ಟ್. ಅದರೊಳಗೆ ‘ಬಡಾವಣೆಗಳು’ ಎಂಬ ಸೆಟ್, ಅಂದರೆ ಒಂದೇ ವಸ್ತು ಎರಡು ಸಲ ಬಾರದ ಗುಂಪು. ಅದರ ಒಂದೊಂದು ಸದಸ್ಯವೂ ಐಡಿ, ಹೆಸರುಗಳಿರುವ ‘ಬಡಾವಣೆ’ ಆಬ್ಜೆಕ್ಟ್. ಪರದೆಯ ಮೇಲೆ ಆರಿಸಿದ್ದು ಎರಡು ಮೆಟ್ಟಿಲು ಕೆಳಗಿರುವ ಈ ಸೆಟ್‌ನೊಳಗೆ ಹೋಗಿ ಕೂರಬೇಕು. ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟಾದ ಸ್ಪ್ರಿಂಗ್ ಎಂವಿಸಿ ಬಳಸುವವರಿಗೆ ಇದು ಕೆಲವೇ ಸಾಲುಗಳ ಕೆಲಸ. ಆದರೂ ಮೊದಲ ಸಲ ಮಾಡುವಾಗ ಅರ್ಧ ದಿನ ಕಳೆದುಕೊಳ್ಳದವರನ್ನು ನಾನು ಹೆಚ್ಚು ಕಂಡಿಲ್ಲ.

ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿರುವುದು ಓದುವ ಅನುಕೂಲಕ್ಕೆ ಮಾತ್ರವಲ್ಲ. ಜಾವಾ ಭಾಷೆ ಯೂನಿಕೋಡ್ ಅಕ್ಷರಗಳನ್ನು ಕ್ಲಾಸ್ ಮತ್ತು ಫೀಲ್ಡ್‌ಗಳ ಹೆಸರಿನಲ್ಲಿ ಒಪ್ಪುವುದರಿಂದ ‘ಬೋಧಕ’ ಎಂಬ ಕ್ಲಾಸ್ ನಿಜಕ್ಕೂ ಕಂಪೈಲ್ ಆಗುತ್ತದೆ. ಫೀಲ್ಡ್‌ನ ಮೌಲ್ಯವನ್ನು ಓದುವ ಗೆಟ್ಟರ್, ಬರೆಯುವ ಸೆಟ್ಟರ್ ಮೆಥಡ್‌ಗಳ ಹೆಸರಿನ ಮೊದಲ ಮೂರಕ್ಷರ ಮಾತ್ರ ಇಂಗ್ಲಿಷ್ ಲಿಪಿಯಲ್ಲೇ ಇರಬೇಕು. ಕಚೇರಿಯ ಕೋಡಿನಲ್ಲಿ ಇದನ್ನು ಪ್ರಯೋಗಿಸುವ ಮುನ್ನ ಸಹೋದ್ಯೋಗಿಗಳನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಬ್ರೌಸರ್ ಕಳುಹಿಸುವುದೇನು?

ಕೋಡ್ ಬರೆಯುವ ಮೊದಲು ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಬ್ರೌಸರ್‌ಗೆ ಆಬ್ಜೆಕ್ಟ್, ಅದರೊಳಗಿನ ಆಬ್ಜೆಕ್ಟ್, ಸೆಟ್ ಇವು ಯಾವುವೂ ಗೊತ್ತಿಲ್ಲ. ಅದು ಕಳುಹಿಸುವುದು ಹೆಸರು ಮತ್ತು ಮೌಲ್ಯದ ಜೋಡಿಗಳನ್ನು ಮಾತ್ರ. ಬಳಕೆದಾರರು ಎರಡು ಬಡಾವಣೆಗಳನ್ನು ಆರಿಸಿದರೆ ಒಂದೇ ಹೆಸರು ಎರಡು ಸಲ ಬರುತ್ತದೆ (3, 7 ಎಂಬುವು ಆ ಬಡಾವಣೆಗಳ ಐಡಿಗಳು):

ಲಭ್ಯತೆ.ಬಡಾವಣೆಗಳು=3&ಲಭ್ಯತೆ.ಬಡಾವಣೆಗಳು=7

ಒಳಗೊಳಗಿನ ರಚನೆಯೆಲ್ಲ ಇರುವುದು ಹೆಸರಿನ ನಡುವಿನ ಆ ಚುಕ್ಕಿಯಲ್ಲಿ. ಈ ಜೋಡಿಗಳನ್ನು ಆಬ್ಜೆಕ್ಟ್‌ಗೆ ತುಂಬುವ ಸ್ಪ್ರಿಂಗ್‌ನ ಬೈಂಡರ್ ಚುಕ್ಕಿಯ ಎಡಭಾಗವನ್ನು ಓದಿ ‘ಲಭ್ಯತೆ’ಯನ್ನು ಹುಡುಕುತ್ತದೆ, ಬಲಭಾಗವನ್ನು ಓದಿ ‘ಬಡಾವಣೆಗಳು’ ಸೆಟ್ಟರ್ ಅನ್ನು ಕರೆಯುತ್ತದೆ. ಹಾಗಾಗಿ ಏನೇ ಎಡವಟ್ಟಾದರೂ ಮೊದಲು ನೋಡಬೇಕಾದ್ದು ಜಾವಾ ಕೋಡನ್ನಲ್ಲ, ಬ್ರೌಸರ್‌ನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಕಾಣುವ ಈ ಜೋಡಿಗಳನ್ನು.

ಕ್ಲಾಸ್‌ಗಳಿಂದ ಆರಂಭ

‘ಬೋಧಕ’ ಮತ್ತು ‘ಲಭ್ಯತೆ’ ಎರಡಕ್ಕೂ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಹಾಗೂ ಗೆಟ್ಟರ್, ಸೆಟ್ಟರ್‌ಗಳು ಇರಲಿ. ‘ಲಭ್ಯತೆ’ ನಲ್ ಆಗಿದ್ದರೆ ಬೈಂಡರ್ ತಾನೇ ಹೊಸದೊಂದನ್ನು ಸೃಷ್ಟಿಸುತ್ತದೆ. ಈ ಸೌಲಭ್ಯ ಮೊದಲಿನಿಂದಲೇ ಚಾಲೂ ಇರುತ್ತದೆ. ಸೆಟ್ ಅನ್ನು ‘ಬಡಾವಣೆ’ಗಳ ಸೆಟ್ ಎಂದು ಜೆನೆರಿಕ್ (ಒಳಗಿನ ವಸ್ತುವಿನ ಟೈಪ್) ಸಮೇತ ಘೋಷಿಸುವುದನ್ನು ಮರೆಯಬೇಡಿ. ಬರೀ ಸೆಟ್ ಎಂದು ಬರೆದರೆ ಒಳಗೆ ಏನನ್ನು ತುಂಬಬೇಕೆಂಬುದು ಬೈಂಡರ್‌ಗೆ ತಿಳಿಯದೆ ‘3’, ‘7’ ಎಂಬ ಸ್ಟ್ರಿಂಗ್‌ಗಳನ್ನೇ (ಬರೀ ಪಠ್ಯವನ್ನೇ) ತುಂಬಿಬಿಡುತ್ತದೆ, ಮತ್ತು ದೋಷ ಎಷ್ಟೋ ಸಾಲುಗಳ ಆಚೆ, ಸಂಬಂಧವೇ ಇಲ್ಲದಂತೆ ತೋರುವ ಕಡೆ ಸಿಡಿಯುತ್ತದೆ.

ಪುಟ ಮತ್ತು ಪಟ್ಟಿ

ಬ್ರೌಸರ್‌ನ ಕೋರಿಕೆಗಳಿಗೆ ಉತ್ತರಿಸುವ ಕ್ಲಾಸ್ ಆದ ಕಂಟ್ರೋಲರ್‌ನಲ್ಲಿ ಎಲ್ಲ ಬಡಾವಣೆಗಳನ್ನು ಡೇಟಾಬೇಸ್‌ನಿಂದ ತಂದು ಕೊಡುವ ಮೆಥಡ್ ಒಂದನ್ನು ಬರೆದು, ಅದು ತಂದದ್ದನ್ನು ಪ್ರತಿ ಸಲವೂ ಪುಟಕ್ಕೆ ಒದಗಿಸುವ ಮಾಡೆಲ್ ಆಟ್ರಿಬ್ಯೂಟ್ (@ModelAttribute) ಅನೋಟೇಶನ್ ಅನ್ನು ಅದಕ್ಕೆ ಹಾಕಿ. ಪಟ್ಟಿಯನ್ನು ಫಾರ್ಮ್ ತೋರಿಸುವ ಮೆಥಡ್‌ನಲ್ಲಿ ಮಾತ್ರ ತುಂಬಿದರೆ, ದೂರವಾಣಿ ಸಂಖ್ಯೆ ತಪ್ಪಿ ಅದೇ ಪುಟ ಮರಳಿ ತೆರೆದುಕೊಂಡಾಗ ಆಯ್ಕೆಯ ಪೆಟ್ಟಿಗೆ ಖಾಲಿಯಾಗಿ ಕಾಣುತ್ತದೆ. ಪುಟದಲ್ಲಿ ಸ್ಪ್ರಿಂಗ್‌ನ ಸೆಲೆಕ್ಟ್ ಟ್ಯಾಗ್‌ಗೆ ಪಾತ್ ಆಗಿ ‘ಲಭ್ಯತೆ.ಬಡಾವಣೆಗಳು’ ಎಂದು ಕೊಟ್ಟು, ಮಲ್ಟಿಪಲ್ ಎಂಬ ಗುಣವನ್ನು ಸೇರಿಸಿ, ಪ್ರತಿ ಆಯ್ಕೆಯ ಮೌಲ್ಯವಾಗಿ ಐಡಿಯನ್ನೂ ಕಾಣುವ ಪಠ್ಯವಾಗಿ ಬಡಾವಣೆಯ ಹೆಸರನ್ನೂ ನಿಗದಿ ಮಾಡಿ.

ಪಾತ್‌ನ ಮುಂದೆ ‘ಬೋಧಕ’ ಎಂದು ಸೇರಿಸಬಾರದು. ಫಾರ್ಮ್ ಆಗಲೇ ಬೋಧಕನೊಳಗೆ ನಿಂತಿದೆ, ‘ಬೋಧಕ.ಲಭ್ಯತೆ’ ಎಂದರೆ ಬೋಧಕನೊಳಗೆ ಇನ್ನೊಬ್ಬ ಬೋಧಕನನ್ನು ಹುಡುಕಿದಂತೆ. ಸ್ಪ್ರಿಂಗ್ ಟ್ಯಾಗ್ ಬಳಸಿದ್ದರೆ ಪುಟ ತೆರೆಯುವಾಗಲೇ ದೋಷ ಕಾಣುತ್ತದೆ. ಸೆಲೆಕ್ಟ್ ಅನ್ನು ಕೈಯಾರೆ ಬರೆದಿದ್ದರೆ ಗುರುತಿಲ್ಲದ ಹೆಸರನ್ನು ಬೈಂಡರ್ ಸದ್ದಿಲ್ಲದೆ ಕೈಬಿಡುತ್ತದೆ, ಸೆಟ್ ಖಾಲಿಯಾಗಿಯೇ ಉಳಿಯುತ್ತದೆ.

‘3’ ಬಡಾವಣೆಯಾಗುವುದು

ಬಂದಿರುವುದು ‘3’ ಎಂಬ ಅಕ್ಷರ. ಬೇಕಿರುವುದು ‘ಬಡಾವಣೆ’ ಆಬ್ಜೆಕ್ಟ್. ಈ ಸೇತುವೆಯನ್ನು ಕಟ್ಟುವುದು ನಮ್ಮ ಕೆಲಸ. ಸ್ಟ್ರಿಂಗ್ ಪಡೆದು, ಐಡಿಯಿಂದ ಹುಡುಕಿ, ‘ಬಡಾವಣೆ’ಯನ್ನು ಹಿಂತಿರುಗಿಸುವ ಕನ್ವರ್ಟರ್ ಕ್ಲಾಸ್ ಬರೆದು, ವೆಬ್ ಸಂರಚನೆಯ ಆಡ್ ಫಾರ್ಮ್ಯಾಟರ್ಸ್ ಮೆಥಡ್‌ನಲ್ಲಿ ನೋಂದಾಯಿಸಬೇಕು. ಸಂರಚನೆಯನ್ನು ಬಹುಪಾಲು ತಾನೇ ಮಾಡಿಕೊಳ್ಳುವ ಸ್ಪ್ರಿಂಗ್ ಬೂಟ್ ಇದ್ದರೆ ಕನ್ವರ್ಟರ್ ಅನ್ನು ಬೀನ್ (ಸ್ಪ್ರಿಂಗ್ ತಾನೇ ಸೃಷ್ಟಿಸಿ ನಿರ್ವಹಿಸುವ ಆಬ್ಜೆಕ್ಟ್) ಆಗಿ ಘೋಷಿಸಿದರೆ ಸಾಕು. ಸೆಟ್‌ಗಾಗಿ ಬೇರೆ ಕನ್ವರ್ಟರ್ ಬೇಕಿಲ್ಲ. ಒಂದಕ್ಕೆ ಬರೆದದ್ದನ್ನೇ ಸ್ಪ್ರಿಂಗ್ ಪ್ರತಿ ಮೌಲ್ಯಕ್ಕೂ ಅನ್ವಯಿಸುತ್ತದೆ. 2009ರಲ್ಲಿ ಬಂದ ಸ್ಪ್ರಿಂಗ್ 3.0ಕ್ಕೂ ಮೊದಲಿನ ಹಳೆಯ ಕೋಡಿನಲ್ಲಿ ಇದೇ ಕೆಲಸಕ್ಕೆ ಕಸ್ಟಮ್ ಕಲೆಕ್ಷನ್ ಎಡಿಟರ್ ಎಂಬ ಕ್ಲಾಸ್ ಕಾಣಸಿಗುತ್ತದೆ. ನಡೆಯುತ್ತಿದ್ದರೆ ಅದನ್ನು ಕೆದಕಬೇಕಾಗಿಲ್ಲ.

ಇಲ್ಲಿ ನಾನೇ ಬಿದ್ದ ಒಂದು ಗುಂಡಿಯ ಬಗ್ಗೆ ಹೇಳಬೇಕು. ಒಮ್ಮೆ ಅವಸರದಲ್ಲಿ ಐಡಿಯ ಬದಲು ಹೆಸರನ್ನೇ ಮೌಲ್ಯವಾಗಿ ಕೊಟ್ಟು, ಸ್ಟ್ರಿಂಗ್‌ಗಳ ಸೆಟ್‌ಗೆ ಬೈಂಡ್ ಮಾಡಿದ್ದೆ. ಪಟ್ಟಿಯಲ್ಲಿ ‘ಬಸವನಗುಡಿ, ಗಾಂಧಿ ಬಜಾರ್’ ಎಂಬ ಆಯ್ಕೆಯೊಂದಿತ್ತು. ಅದನ್ನು ಬೇರೊಂದರ ಜೊತೆ ಆರಿಸಿದಾಗ ಎಲ್ಲವೂ ಸರಿ. ಅದೊಂದನ್ನೇ ಆರಿಸಿದಾಗ ಸೆಟ್‌ನಲ್ಲಿ ಎರಡು ಹೆಸರುಗಳು! ಕಾರಣ ಇಷ್ಟೇ: ಹಲವು ಮೌಲ್ಯಗಳು ಬಂದರೆ ಬೈಂಡರ್‌ಗೆ ಸಿಗುವುದು ಅರೇ (ಮೌಲ್ಯಗಳ ಸಾಲು), ಒಂದೇ ಬಂದರೆ ಸಿಗುವುದು ಬರೀ ಸ್ಟ್ರಿಂಗ್, ಮತ್ತು ಸ್ಟ್ರಿಂಗ್ ಅನ್ನು ಸೆಟ್ ಆಗಿ ಮಾರ್ಪಡಿಸುವಾಗ ಸ್ಪ್ರಿಂಗ್ ಅದನ್ನು ಅಲ್ಪವಿರಾಮದಲ್ಲಿ ಕತ್ತರಿಸುತ್ತದೆ. ಎರಡನ್ನು ಆರಿಸಿ ಪರೀಕ್ಷಿಸುತ್ತಿದ್ದ ನನಗೆ ಅದು ಕಾಣಲೇ ಇಲ್ಲ. ಮೌಲ್ಯವಾಗಿ ಯಾವತ್ತೂ ಐಡಿಯನ್ನೇ ಕೊಡಿ ಎನ್ನುವುದು ಆ ಸಂಜೆಯಿಂದ ನನ್ನ ಹಟ.

ಏನನ್ನೂ ಆರಿಸದಿದ್ದಾಗ

ಮೊದಲು ಮೂರು ಬಡಾವಣೆ ಆರಿಸಿದ್ದವರು ಈಗ ಎಲ್ಲವನ್ನೂ ತೆಗೆದು ಉಳಿಸಿದರೆಂದುಕೊಳ್ಳಿ. ಬ್ರೌಸರ್ ಆ ಹೆಸರಿನಲ್ಲಿ ಏನನ್ನೂ ಕಳುಹಿಸುವುದಿಲ್ಲ. ‘ಖಾಲಿ ಮಾಡಿ’ ಎಂಬುದಕ್ಕೂ ‘ಈ ಫೀಲ್ಡ್ ಫಾರ್ಮ್‌ನಲ್ಲೇ ಇರಲಿಲ್ಲ’ ಎಂಬುದಕ್ಕೂ ಸರ್ವರ್‌ಗೆ ವ್ಯತ್ಯಾಸ ತಿಳಿಯದು. ಡೇಟಾಬೇಸ್‌ನಿಂದ ತಂದ ಆಬ್ಜೆಕ್ಟ್‌ನ ಮೇಲೆ ಬೈಂಡ್ ಮಾಡುತ್ತಿದ್ದರೆ ಹಳೆಯ ಮೂರೂ ಹಾಗೆಯೇ ಉಳಿಯುತ್ತವೆ. ಇದಕ್ಕಾಗಿಯೇ ಸ್ಪ್ರಿಂಗ್‌ನ ಸೆಲೆಕ್ಟ್ ಟ್ಯಾಗ್, ಅದೇ ಹೆಸರಿನ ಮುಂದೆ ಅಡಿಗೆರೆ ಸೇರಿಸಿದ ಒಂದು ಹಿಡನ್ ಇನ್‌ಪುಟ್ ಅನ್ನು, ಅಂದರೆ ‘_ಲಭ್ಯತೆ.ಬಡಾವಣೆಗಳು’ ಎಂಬುದನ್ನು, ತಾನಾಗಿ ಪುಟಕ್ಕೆ ಸೇರಿಸುತ್ತದೆ. ಅಡಿಗೆರೆಯದು ಬಂದು ನಿಜವಾದದ್ದು ಬಾರದಿದ್ದರೆ ಬೈಂಡರ್ ಸೆಟ್ ಅನ್ನು ಖಾಲಿ ಮಾಡುತ್ತದೆ. ಸೆಲೆಕ್ಟ್ ಅನ್ನು ಕೈಯಾರೆ ಬರೆಯುವವರು ಈ ಒಂದು ಸಾಲನ್ನೂ ಕೈಯಾರೆಯೇ ಬರೆಯಬೇಕು. ಅಡಿಗೆರೆ ಬರಬೇಕಾದ್ದು ಇಡೀ ಹೆಸರಿನ ಆರಂಭದಲ್ಲಿ, ಚುಕ್ಕಿಯ ನಂತರವಲ್ಲ.

ಹಿಂದೆ ಆರಿಸಿದ್ದು ತಿದ್ದುವ ಪುಟದಲ್ಲಿ ಗುರುತಾಗಿ ಕಾಣದಿದ್ದರೆ ‘ಬಡಾವಣೆ’ಯ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಮೆಥಡ್‌ಗಳನ್ನು ನೋಡಿ. ಪಟ್ಟಿಯ ಜಯನಗರವೂ ಸೆಟ್‌ನ ಜಯನಗರವೂ ಒಂದೇ ಎಂದು ಟ್ಯಾಗ್ ತಿಳಿಯುವುದು ಹೋಲಿಕೆಯಿಂದ. ಐಡಿಯ ಆಧಾರದ ಮೇಲೆ ಅವನ್ನು ಬರೆದರೆ ತೊಂದರೆ ನೀಗುತ್ತದೆ.

ಬಾಗಿಲಿಗೆ ಚಿಲಕ

ಹೆಸರಿನಲ್ಲಿ ಚುಕ್ಕಿ ಇಟ್ಟು ಒಳಗಿನ ಆಬ್ಜೆಕ್ಟ್‌ಗಳನ್ನು ಮುಟ್ಟಬಹುದಾದರೆ, ನಾವು ಫಾರ್ಮ್‌ನಲ್ಲಿ ಇಡದ ಫೀಲ್ಡ್‌ಗಳನ್ನೂ ಹೊರಗಿನವರು ಮುಟ್ಟಬಹುದು. 2022ರ ಮಾರ್ಚ್‌ನಲ್ಲಿ ಬಯಲಾದ ಸ್ಪ್ರಿಂಗ್‌ಫೋರ್‌ಶೆಲ್ ದೋಷ ಇದೇ ಬೈಂಡಿಂಗ್ ದಾರಿಯಲ್ಲಿ ನುಗ್ಗಿ ಜಾವಾ ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಕ್ಲಾಸ್‌ಲೋಡರ್‌ವರೆಗೆ ಹೋಗುತ್ತಿತ್ತು. ಅದನ್ನು ಸ್ಪ್ರಿಂಗ್ 5.3.18 ಮತ್ತು 5.2.20 ಆವೃತ್ತಿಗಳಲ್ಲಿ ಸರಿಪಡಿಸಲಾಯಿತು. ಬೈಂಡರ್ ಅನ್ನು ಸಿದ್ಧಪಡಿಸುವ ಇನಿಟ್‌ಬೈಂಡರ್ ಮೆಥಡ್‌ನಲ್ಲಿ ಒಪ್ಪಿದ ಫೀಲ್ಡ್‌ಗಳ ಹೆಸರನ್ನು ಮಾತ್ರ ನಮೂದಿಸಿ. ಇನ್ನೂ ಒಳ್ಳೆಯದೆಂದರೆ ಡೇಟಾಬೇಸ್‌ನ ಸಾಲನ್ನು ಪ್ರತಿನಿಧಿಸುವ ಎಂಟಿಟಿಗೆ ನೇರವಾಗಿ ಬೈಂಡ್ ಮಾಡದೆ, ಫಾರ್ಮ್‌ಗಾಗಿಯೇ ಒಂದು ಪುಟ್ಟ ಕ್ಲಾಸ್ ಇಟ್ಟುಕೊಂಡು ಅಲ್ಲಿಂದ ಬೇಕಾದಷ್ಟನ್ನೇ ದಾಟಿಸುವುದು.

ಕೊನೆಗೆ ಪರೀಕ್ಷೆ. ಫಾರ್ಮ್ ಅನ್ನು ಮೂರು ಸಲ ಕಳುಹಿಸಿ: ಒಮ್ಮೆ ಹಲವನ್ನು ಆರಿಸಿ, ಒಮ್ಮೆ ಒಂದನ್ನೇ ಆರಿಸಿ, ಒಮ್ಮೆ ಎಲ್ಲವನ್ನೂ ತೆಗೆದು. ಪ್ರತಿ ಸಲವೂ ನೆಟ್‌ವರ್ಕ್ ಪುಟದ ಜೋಡಿಗಳನ್ನೂ ಡೇಟಾಬೇಸ್‌ನ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮತ್ತು ಬೇಕೆಂದೇ ದೂರವಾಣಿ ಸಂಖ್ಯೆಯನ್ನು ತಪ್ಪಾಗಿ ತುಂಬಿ, ಮರಳಿ ಬಂದ ಪುಟದಲ್ಲಿ ಆಯ್ಕೆಗಳು ಗುರುತಾಗಿಯೇ ಇವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.