ತುಳಸಿಯ ಘಮ ಎಲ್ಲಿ ಕೂತಿದೆ? ಲೆನ್ಸ್ ಹಿಡಿದು ನೋಡಿ, ಹೊತ್ತರಿತು ಕೊಯ್ಯಿರಿ

ತುಳಸಿ ಎಲೆಯನ್ನು ಸುಮ್ಮನೆ ಮೂಗಿನ ಹತ್ತಿರ ಹಿಡಿದರೆ ಅಂಥ ಘಮವೇನೂ ಬರುವುದಿಲ್ಲ. ಬೆರಳ ನಡುವೆ ಒಮ್ಮೆ ಹೊಸಕಿದರೆ ಸಾಕು, ಮೂಗು ತುಂಬುತ್ತದೆ. ತುಳಸಿಯ ಎಣ್ಣೆ ಬಹುಪಾಲು ಇರುವುದು ಎಲೆಯ ತಿರುಳಿನಲ್ಲಲ್ಲ, ಮೇಲ್ಮೈಗೆ ಅಂಟಿಕೊಂಡಿರುವ ಸಣ್ಣ ಚೀಲಗಳಲ್ಲಿ. ಸಸ್ಯವಿಜ್ಞಾನಿಗಳು ಇವನ್ನು ಗ್ರಂಥಿ ಟ್ರೈಕೋಮ್ ಎನ್ನುತ್ತಾರೆ, ಅಂದರೆ ಎಣ್ಣೆಯನ್ನೋ ಅಂಟನ್ನೋ ಸ್ರವಿಸುವ ರೋಮ. ಗಾಂಜಾ ಹೂವಿನ ಅಂಟೂ ಇಂಥ ರೋಮಗಳದ್ದೇ. ಆದರೆ 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಬೆಳೆಯುವಂತಿಲ್ಲ. ಗ್ರಂಥಿರೋಮಗಳನ್ನು ನೋಡಿ ಕಲಿಯುವ ಆಸೆಯಿದ್ದವರಿಗೆ ಅಂಗಳದ ತುಳಸಿಗಿಂತ ಒಳ್ಳೆಯ ಗಿಡ ಬೇಕಿಲ್ಲ.

ಮೊದಲು ಲೆನ್ಸ್. ವಾಚ್ ರಿಪೇರಿ ಮಾಡುವವರು, ಚಿನ್ನ ಬೆಳ್ಳಿ ಕೆಲಸದವರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಲೆನ್ಸ್ ಸಾಕು. ದೊಡ್ಡ ಹಿಡಿಕೆಯ ಭೂತಗನ್ನಡಿ ಇದಕ್ಕೆ ಒದಗುವುದಿಲ್ಲ, ಅದು ಎರಡು ಮೂರು ಪಟ್ಟು ಹಿಗ್ಗಿಸಿದರೆ ಹೆಚ್ಚು. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ, ಕಾಗದ ಮಡಚಿ ಜೋಡಿಸುವ ಈ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಇದೊಂದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಹೊಸಬರು ಲೆನ್ಸನ್ನು ಎಲೆಯ ಹತ್ತಿರ ಇಟ್ಟು ದೂರದಿಂದ ಇಣುಕುತ್ತಾರೆ. ಹಾಗಲ್ಲ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರವಿರಲಿ, ಎಲೆಯನ್ನು ನಿಧಾನವಾಗಿ ಲೆನ್ಸಿನತ್ತ ತನ್ನಿ. 10 ಪಟ್ಟಿನ ಲೆನ್ಸಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ ಚಿತ್ರ ತಟ್ಟನೆ ಸ್ಪಷ್ಟವಾಗುತ್ತದೆ. ಬೆಳಗಿನ ಓರೆ ಬಿಸಿಲು ಪಕ್ಕದಿಂದ ಬೀಳುವಂತೆ ನಿಲ್ಲಿ. ಬೆಳಕು ನೇರ ಮೇಲಿಂದ ಬಿದ್ದರೆ ರೋಮ ಎಲೆಯ ಹಸಿರಿನಲ್ಲೇ ಕರಗಿಹೋಗುತ್ತದೆ.

ಎಲೆಗಿಂತ ಮೊದಲು ಎಳೆಯ ಕಾಂಡ ನೋಡಿ. ಕೃಷ್ಣ ತುಳಸಿಯಾದರೆ ನೇರಳೆ ಛಾಯೆಯ ಕಾಂಡದ ಸುತ್ತ ಚೂಪು ತುದಿಯ ರೋಮಗಳು ಒತ್ತೊತ್ತಾಗಿ ನಿಂತಿರುತ್ತವೆ. ಇವುಗಳಲ್ಲಿ ಎಣ್ಣೆ ಇಲ್ಲ, ಇವು ಗಿಡದ ಬೇಲಿ. ಸಣ್ಣ ಹುಳಕ್ಕೆ ಈ ಕಾಡು ದಾಟುವುದು ಸುಲಭವಲ್ಲ.

ಈಗ ಎಲೆಯನ್ನು ಮಗುಚಿ. ಅಡಿಭಾಗದಲ್ಲಿ, ನರಗಳ ನಡುವಿನ ಜಾಗದಲ್ಲಿ, ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆ ಚೀಲಗಳು. ಒಂದೊಂದೂ ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪದಷ್ಟೇ ಅಗಲ. ಲೆನ್ಸಿನಲ್ಲಿ ಚುಕ್ಕೆಯಾಗಿ ಕಂಡದ್ದು ಸೂಕ್ಷ್ಮದರ್ಶಕದಲ್ಲಿ ಗಿಡ್ಡ ಕಾಲಿನ ಮೇಲೆ ಕೂತ ದುಂಡು ತಲೆಯಾಗಿ ಕಾಣುತ್ತದೆ. ತಲೆಯೊಳಗಿನ ಜೀವಕೋಶಗಳು ಎಣ್ಣೆ ತಯಾರಿಸಿ ಹೊರಕ್ಕೆ ತಳ್ಳುತ್ತವೆ. ಅವುಗಳ ಮೇಲಿನ ತೆಳು ಹೊರಪೊರೆ ಉಬ್ಬಿ, ಎಣ್ಣೆ ಅದರಡಿ ತುಂಬಿಕೊಳ್ಳುತ್ತದೆ. ನಿಮ್ಮ ಬೆರಳು ಒಡೆಯುವುದು ಆ ಪೊರೆಯನ್ನು. ಲವಂಗದಲ್ಲಿರುವ ಯೂಜಿನಾಲ್ ಇಲ್ಲೂ ಇದೆ, ಅದಕ್ಕೇ ತುಳಸಿ ಅಗಿದಾಗ ಲವಂಗದ ನೆನಪಾಗುವುದು.

ಇನ್ನೊಂದು ಕೆಲಸ ಮಾಡಿ. ತುದಿಯ ಚಿಗುರೆಲೆ, ನಡುವಿನ ಬಲಿತ ಎಲೆ, ಬುಡದ ಹಳದಿಗೆ ತಿರುಗುತ್ತಿರುವ ಎಲೆ, ಮೂರನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಇಡಿ. ಚಿಗುರಿನಲ್ಲಿ ಚುಕ್ಕೆಗಳು ಒಂದರ ಪಕ್ಕ ಒಂದು ಇರುತ್ತವೆ. ಎಲೆ ಹಿಗ್ಗಿದಂತೆ ಚೀಲಗಳು ದೂರ ದೂರ ಸರಿಯುತ್ತವೆ. ಬುಡದ ಎಲೆಯಲ್ಲಿ ಒಡೆದು ಮುದುಡಿದ ಚೀಲಗಳೂ ಸಿಗಬಹುದು. ಕಷಾಯಕ್ಕೆ ಬುಡದ ಮುದಿ ಎಲೆ ಕಿತ್ತರೆ ಸಪ್ಪೆ ಎನಿಸುವುದಕ್ಕೆ ಕಾರಣ ಇಲ್ಲೇ ಕಾಣುತ್ತದೆ.

ಕೊಯ್ಲಿಗೆ ಬರೋಣ. ಎಣ್ಣೆಗಾಗಿ ತುಳಸಿ ಬೆಳೆಯುವ ರೈತರು ಗಿಡ ತುಂಬ ಹೂವಿಗೆ ಬಂದಾಗ, ನಾಟಿ ಮಾಡಿದ ಸುಮಾರು 90 ದಿನಕ್ಕೆ, ಮೊದಲ ಕೊಯ್ಲು ಮಾಡುತ್ತಾರೆ. ಆಗ ಹೂವನ್ನು ಹಿಡಿದಿರುವ ಹಸಿರು ಬಟ್ಟಲುಗಳಲ್ಲೂ ಎಣ್ಣೆ ಚೀಲಗಳಿರುತ್ತವೆ, ಲೆನ್ಸಿನಲ್ಲಿ ನೋಡಿ. ಮನೆ ಬಳಕೆಗೆ ಎಲೆಯೇ ಬೇಕೆಂದರೆ ಕದಿರನ್ನು ಆಗಾಗ ಚಿವುಟುತ್ತಿರಿ, ಕವಲೊಡೆದು ಚಿಗುರು ಬರುತ್ತದೆ. ಒಣಗಿದ ಕದಿರನ್ನು ಗಿಡದಲ್ಲೇ ಬಿಟ್ಟರೆ ಅದರ ಶಕ್ತಿ ಬೀಜಕ್ಕೆ ಹೋಗುತ್ತದೆ. ಕಟ್ಟೆಯ ತುಳಸಿಯನ್ನು ದ್ವಾದಶಿಯಂದು ಮುಟ್ಟಬಾರದು, ಸಂಜೆ ಕೀಳಬಾರದು ಎಂಬ ನೇಮವಿರುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಹಿತ್ತಲಲ್ಲಿ ಬೇರೆ ಕುಂಡವೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಮಳೆ ಬಂದ ಮರುದಿನ ಕೊಯ್ಯಬೇಡಿ. ಬಿಸಿಲು ಬಂದು ಎಲೆ ಪೂರ್ತಿ ಆರಿರಲಿ. ಧೂಳಿದ್ದರೆ ಹಿಂದಿನ ದಿನವೇ ಗಿಡಕ್ಕೆ ನೀರು ಚಿಮುಕಿಸಿ ತೊಳೆಯಿರಿ. ಕಿತ್ತ ಎಲೆಯನ್ನು ಸೊಪ್ಪು ತೊಳೆದ ಹಾಗೆ ತಿಕ್ಕಿ ತೊಳೆದರೆ ಚೀಲಗಳು ಒಡೆದು ಎಣ್ಣೆ ನೀರಿನ ಪಾಲಾಗುತ್ತದೆ. ಹಿಡಿಯಾಗಿ ಒತ್ತಿ ಕೀಳುವುದೂ ಬೇಡ, ಕತ್ತರಿಯಿಂದ ರೆಂಬೆ ಸಮೇತ ಕತ್ತರಿಸಿ.

ಇದೇ ಲೆನ್ಸಿನಲ್ಲಿ ದೊಡ್ಡಪತ್ರೆಯನ್ನೂ ಟೊಮೆಟೊವನ್ನೂ ನೋಡದೆ ಬಿಡಬೇಡಿ. ದೊಡ್ಡಪತ್ರೆಯ ಮಖಮಲ್ಲಿನ ಮೈ ಪೂರ್ತಿ ರೋಮದ್ದೇ, ನಡುನಡುವೆ ಗ್ರಂಥಿಗಳು ಅಡಗಿರುತ್ತವೆ. ಅದರ ಘಮ ಓಮದ ಹಾಗಿರುವುದಕ್ಕೆ ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳು ಕಾರಣ. ಟೊಮೆಟೊ ಕಾಂಡವನ್ನು ಕೆಲ ಹೊತ್ತು ಸವರಿ ಬೆರಳು ನೋಡಿಕೊಳ್ಳಿ, ಹಸಿರು ಹಳದಿ ಕಲೆ ಅಂಟಿ ಕ್ರಮೇಣ ಕಪ್ಪಾಗುತ್ತದೆ. ಅದು ಒಡೆದ ಗ್ರಂಥಿರೋಮಗಳ ರಸ. ಟೊಮೆಟೊದ ಕಾಡು ಬಂಧುಗಳಲ್ಲಿ ಈ ಅಂಟು ಎಷ್ಟಿರುತ್ತದೆಂದರೆ ಸಣ್ಣ ಕೀಟಗಳು ಅದರಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಕೀಟ ತಡೆಯುವ ಟೊಮೆಟೊ ತಳಿಗಾಗಿ ವಿಜ್ಞಾನಿಗಳು ಆ ಕಾಡು ಗಿಡಗಳತ್ತ ನೋಡುತ್ತಿರುವುದು ಇದಕ್ಕಾಗಿಯೇ.

ಕೊಯ್ದ ತುಳಸಿಯನ್ನು ಒಣಗಿಸುವಾಗ ಬಿಸಿಲಿನ ಆಸೆ ಬಿಡಿ. ಗಾಳಿಯಾಡುವ ಪಡಸಾಲೆಯಲ್ಲಿ ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ದಿನಕ್ಕೊಮ್ಮೆ ಹಗುರವಾಗಿ ಮಗುಚಿ. ಎಲೆ ಮುರಿದರೆ ಚಟ್ಟನೆ ಶಬ್ದ ಬರುವಷ್ಟು ಒಣಗಿದ ಮೇಲೆ ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕಿ. ಪುಡಿ ಮಾಡಿ ಇಡಬೇಡಿ, ಪುಡಿಯಾದರೆ ಉಳಿದ ಚೀಲಗಳೂ ಒಡೆದು ಘಮ ಬೇಗ ಹಾರಿಹೋಗುತ್ತದೆ. ಇಡೀ ಎಲೆಯನ್ನೇ ಇಟ್ಟುಕೊಂಡು, ಕಷಾಯದ ನೀರು ಕುದಿದು ಒಲೆಯಿಂದ ಇಳಿಸಿದ ಮೇಲೆ ಅಂಗೈಯಲ್ಲಿ ಹೊಸಕಿ ಹಾಕಿ, ತಟ್ಟೆ ಮುಚ್ಚಿ.